ಆಂಬುಲೆನ್ಸ್‌ನಲ್ಲಿ ಬರುವವರು ಏನು ಕಲಿತಿರಬೇಕು?



ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಉಳಿತಾಯದ ಹಣ ಎಣಿಸಿ, ಪುಸ್ತಕ ಬರೆದು ಮುಗಿಸಿದ ಮೇಲೆ ಸಾಲದ ಬೇಡಿಕೆಗಳು ಬಂದವು. ಒಬ್ಬ ಸದಸ್ಯೆ ಎದ್ದು ನಿಂತು, "ಮಗಳನ್ನ ಪ್ಯಾರಾಮೆಡಿಕಲ್ ಕೋರ್ಸಿಗೆ ಸೇರಿಸ್ಬೇಕು, 40 ಸಾವಿರ ಬೇಕು. ಆರು ತಿಂಗಳು ಕಲಿತ್ರೆ ಆಂಬುಲೆನ್ಸಲ್ಲಿ ಕೆಲ್ಸ ಕೊಡಿಸ್ತಾರಂತೆ" ಅಂದರು.

"ಅಲ್ಲಿ ಏನು ಕಲಿಸ್ತಾರೆ?" ಅಂತ ಕೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಾದರು. "ಅದೆಲ್ಲ ನಮಗೆಲ್ಲಿ ಗೊತ್ತಾಗುತ್ತೆ ಸಿಸ್ಟರ್? ಸರ್ಟಿಫಿಕೇಟ್ ಕೊಡ್ತಾರೆ ಅಂತ ಹೇಳಿದ್ರು" ಅಂದರು.

ಹಸು ತರುವಾಗ ನಾವು ಹಲ್ಲು ನೋಡುತ್ತೇವೆ, ಕೆಚ್ಚಲು ನೋಡುತ್ತೇವೆ, ಎರಡು ಹೊತ್ತು ಹಾಲು ಕರೆದು ನೋಡುತ್ತೇವೆ. ಮಗಳ ಓದಿಗೆ ಹಣ ಕಟ್ಟುವಾಗ ಮಾತ್ರ ಬಣ್ಣದ ಕರಪತ್ರ ನೋಡಿ ನಂಬಿಬಿಡುತ್ತೇವೆ. ಯಾಕೆ? ಒಳ್ಳೆ ಹಸು ಹೇಗಿರುತ್ತೆ ಅಂತ ನಮಗೆ ಗೊತ್ತು. ಒಳ್ಳೆ ತರಬೇತಿ ಹೇಗಿರುತ್ತೆ ಅಂತ ಯಾರೂ ನಮಗೆ ಹೇಳಿಲ್ಲ. ಅದನ್ನೇ ಈ ಸಲ ತಿಳಿದುಕೊಳ್ಳೋಣ. ಇದು ಬರೀ ಸಾಲದ ವಿಷಯ ಅಲ್ಲ. ನಾಳೆ ನಮ್ಮ ಮನೆಯ ಗರ್ಭಿಣಿಯನ್ನೋ, ಹಾವು ಕಚ್ಚಿದ ಮಗುವನ್ನೋ ಗಾಡಿಯಲ್ಲಿ ಮಲಗಿಸಿದಾಗ ಪಕ್ಕದಲ್ಲಿ ಕೂರುವವರು ಏನು ಕಲಿತಿದ್ದಾರೆ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಪ್ಯಾರಾಮೆಡಿಕಲ್ ಬೇರೆ, ಪ್ಯಾರಾಮೆಡಿಕ್ ಬೇರೆ

ಮೊದಲು ಈ ಎರಡು ಪದಗಳ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ 'ಪ್ಯಾರಾಮೆಡಿಕಲ್' ಅಂದರೆ ದೊಡ್ಡ ಬುಟ್ಟಿ. ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಟೆಕ್ನೀಷಿಯನ್, ಎಕ್ಸ್‌ರೇ ತೆಗೆಯುವವರು, ಆಪರೇಷನ್ ಥಿಯೇಟರ್‌ನಲ್ಲಿ ನೆರವಾಗುವವರು, ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವರು ಎಲ್ಲರೂ ಅದರಲ್ಲಿ ಬರುತ್ತಾರೆ. 'ಪ್ಯಾರಾಮೆಡಿಕ್' ಅಂದರೆ ತುರ್ತು ಸಮಯದಲ್ಲಿ ರೋಗಿ ಇರುವ ಜಾಗಕ್ಕೇ ಹೋಗಿ, ಚಿಕಿತ್ಸೆ ಶುರು ಮಾಡಿ, ದಾರಿಯುದ್ದಕ್ಕೂ ನೋಡಿಕೊಂಡು ಆಸ್ಪತ್ರೆಗೆ ಒಪ್ಪಿಸುವವರು. ನಮ್ಮ 108 ಗಾಡಿಯಲ್ಲಿ ಇ.ಎಂ.ಟಿ. ಅಂತ ಕರೆಯುವ ಸಿಬ್ಬಂದಿ ಮಾಡುವುದು ಈ ತರಹದ ಕೆಲಸ. 108 ಸೇವೆ ಆಂಧ್ರಪ್ರದೇಶದಲ್ಲಿ 2005ರ ಆಗಸ್ಟ್ 15ರಂದು ಮೊದಲು ಶುರುವಾಯಿತು. ಕರ್ನಾಟಕಕ್ಕೆ 2008ರ ನವೆಂಬರ್ 1ರಂದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ ಬಂತು.

ಲ್ಯಾಬಿನ ಕೋರ್ಸ್ ಮಾಡಿದವರು ಆಂಬುಲೆನ್ಸ್ ಕೆಲಸಕ್ಕೆ ತಾವಾಗಿ ತಯಾರಾಗುವುದಿಲ್ಲ. ಯಾವುದೇ ಸಂಸ್ಥೆ "ಪ್ಯಾರಾಮೆಡಿಕಲ್ ಕಲಿತ್ರೆ ಎಲ್ಲ ಕೆಲಸವೂ ಸಿಗುತ್ತೆ" ಅಂದರೆ ಅಲ್ಲೇ ಎಚ್ಚರವಾಗಬೇಕು.

ಪಿಟ್ಸ್‌ಬರ್ಗ್ ಊರಿನ ಕಥೆ

ಹಾಗಾದರೆ ಒಳ್ಳೆಯ ತರಬೇತಿ ಹೇಗಿರಬೇಕು? ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಊರು ದೂರದ್ದು, ಅಮೆರಿಕದ ಪಿಟ್ಸ್‌ಬರ್ಗ್. ಆದರೆ ಅಲ್ಲಿನವರ ಕಷ್ಟ ನಮಗೆ ಹೊಸದಲ್ಲ.

1960ರ ದಶಕದಲ್ಲಿ ಅಂಥ ಶ್ರೀಮಂತ ದೇಶದಲ್ಲಿಯೂ ಆಂಬುಲೆನ್ಸ್ ಅಂದರೆ ಬರೀ ಸಾಗಣೆ ಗಾಡಿ. ಪಿಟ್ಸ್‌ಬರ್ಗ್‌ನಲ್ಲಿ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲೋ, ಶವಸಂಸ್ಕಾರದವರ ಗಾಡಿಯಲ್ಲೋ ಒಯ್ಯುತ್ತಿದ್ದರು. ರೋಗಿ ಹಿಂದೆ ಸ್ಟ್ರೆಚರ್ ಮೇಲೆ, ಪೊಲೀಸರು ಮುಂದಿನ ಸೀಟಿನಲ್ಲಿ. ದಾರಿಯಲ್ಲಿ ಉಸಿರು ನಿಂತರೂ ನೋಡುವವರಿಲ್ಲ. ಉಸಿರು ನಿಂತ ನಾಲ್ಕೈದು ನಿಮಿಷದಲ್ಲಿಯೇ ಮಿದುಳಿಗೆ ಹಾನಿ ಶುರುವಾಗುತ್ತದೆ. ಹೀಗಾಗಿ ಆಸ್ಪತ್ರೆ ಎಷ್ಟು ದೊಡ್ಡದಾಗಿದ್ದರೂ ಕೆಲವರು ಬಾಗಿಲಿಗೆ ಬರುವಷ್ಟರಲ್ಲಿ ಕೈಮೀರಿ ಹೋಗಿರುತ್ತಿತ್ತು. 1966ರಲ್ಲಿ ಆ ಊರಿನ ಮಾಜಿ ಮೇಯರ್, ಆ ರಾಜ್ಯದ ಮಾಜಿ ಗವರ್ನರ್ ಡೇವಿಡ್ ಲಾರೆನ್ಸ್ ಸಭೆಯೊಂದರಲ್ಲಿ ಕುಸಿದು ಬಿದ್ದಾಗಲೂ ಹೀಗೇ ಆಯಿತು. ಅವರು ಉಳಿಯಲಿಲ್ಲ.

ಅದೇ ಊರಿನಲ್ಲಿ ಡಾ. ಪೀಟರ್ ಸಾಫರ್ ಎಂಬ ವೈದ್ಯರಿದ್ದರು. ನಿಂತ ಉಸಿರನ್ನು ಬಾಯಿಂದ ಬಾಯಿಗೆ ಗಾಳಿ ಊದಿ ಮರಳಿ ತರಬಹುದು ಎಂದು 1950ರ ದಶಕದಲ್ಲಿ ಸಂಶೋಧನೆ ಮಾಡಿ ತೋರಿಸಿದವರಲ್ಲಿ ಅವರೊಬ್ಬರು. 1966ರಲ್ಲಿ ಅವರ ಸ್ವಂತ ಮಗಳೇ ಉಬ್ಬಸದಿಂದ ತೀರಿಕೊಂಡಳು. ಆಸ್ಪತ್ರೆ ತಲುಪುವ ಮೊದಲಿನ ನಿಮಿಷಗಳಲ್ಲಿ ಜೀವ ಉಳಿಸುವವರು ಬೇಕು ಎಂಬುದು ಅವರ ಹಟವಾಯಿತು.

ಅದೇ ಹೊತ್ತಿಗೆ ಹಿಲ್ ಡಿಸ್ಟ್ರಿಕ್ಟ್ ಎಂಬ ಬಡ ಬಡಾವಣೆಯಲ್ಲಿ 'ಫ್ರೀಡಂ ಹೌಸ್' ಎಂಬ ಸಂಸ್ಥೆ ಕಪ್ಪು ವರ್ಣೀಯರಿಗೆ ಉದ್ಯೋಗ ಹುಡುಕುತ್ತಿತ್ತು. ಫಿಲ್ ಹ್ಯಾಲನ್ ಎಂಬ ಸಮಾಜಸೇವಕರು ಈ ಎರಡನ್ನೂ ಜೋಡಿಸಿದರು. 1967ರಲ್ಲಿ ಆ ಬಡಾವಣೆಯ ನಿರುದ್ಯೋಗಿಗಳನ್ನೇ ಆರಿಸಿ ತರಬೇತಿ ಶುರು ಮಾಡಿದರು. ಅನೇಕರು ಹೈಸ್ಕೂಲ್ ಮುಗಿಸಿರಲಿಲ್ಲ. "ಇವರ ಕೈಲಿ ಆಗೋ ಕೆಲಸವಾ ಇದು?" ಅಂತ ಹೇಳುವವರು ಅಲ್ಲಿಯೂ ಇದ್ದರು. ಸುಮಾರು 300 ಗಂಟೆಗಳ ತರಬೇತಿ ಕೊಟ್ಟರು: ದೇಹದ ರಚನೆ, ಅಂಗಗಳ ಕೆಲಸ, ಹೃದಯ ಮತ್ತು ಉಸಿರು ಮರಳಿಸುವ ಕ್ರಮ, ಶುಶ್ರೂಷೆ, ಸುರಕ್ಷಿತವಾಗಿ ಗಾಡಿ ಓಡಿಸುವುದು. ಶಾಲೆ ಬಿಟ್ಟವರಿಗೆ ಜೊತೆಜೊತೆಯಲ್ಲೇ ಹೈಸ್ಕೂಲ್ ಪರೀಕ್ಷೆಗೂ ಪಾಠ ಹೇಳಿದರು.

1968ರಲ್ಲಿ ಗಾಡಿಗಳು ರಸ್ತೆಗಿಳಿದವು. ಮೊದಲ ವರ್ಷದಲ್ಲೇ 5,800ಕ್ಕೂ ಹೆಚ್ಚು ಕರೆಗಳಿಗೆ ಓಡಿದರು. 1974ರಲ್ಲಿ 30 ವರ್ಷದ ಡಾ. ನ್ಯಾನ್ಸಿ ಕೆರೋಲಿನ್ ಎಂಬ ವೈದ್ಯೆ ಇವರ ಮೇಲ್ವಿಚಾರಣೆಗೆ ಬಂದರು. ಆಕೆ ಕಚೇರಿಯಲ್ಲಿ ಕೂರಲಿಲ್ಲ. ಇವರ ಜೊತೆ ಗಾಡಿಯಲ್ಲಿ ಹೋಗಿ, ಮಾಡಿದ ಕೆಲಸ ನೋಡಿ, ತಿದ್ದಿ, ಮತ್ತೆ ಕಲಿಸಿದರು. ಇಡೀ ಅಮೆರಿಕಕ್ಕೆ ಪ್ಯಾರಾಮೆಡಿಕ್ ಪಠ್ಯಕ್ರಮ ಬರೆಯುವ ಕೆಲಸ ಆಕೆಯ ಪಾಲಿಗೆ ಬಂತು. ಮುಂದೆ ಆಕೆ ಬರೆದ ಪುಸ್ತಕ ಎಷ್ಟೋ ಪ್ಯಾರಾಮೆಡಿಕ್‌ಗಳಿಗೆ ಪಠ್ಯಪುಸ್ತಕವಾಯಿತು.

ಕೊನೆ ಮಾತ್ರ ಸಿಹಿಯಾಗಿಲ್ಲ. 1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ಶುರು ಮಾಡಿ ಫ್ರೀಡಂ ಹೌಸ್ ಸೇವೆಯನ್ನು ಮುಚ್ಚಿಸಿತು. ಅಲ್ಲಿದ್ದವರನ್ನು ಹೊಸ ಸೇವೆಗೆ ತೆಗೆದುಕೊಂಡರೂ, ಹೊಸ ಪರೀಕ್ಷೆ, ಹೊಸ ನಿಯಮಗಳ ನಡುವೆ ಅನೇಕರು ಕೆಲಸ ಬಿಡಬೇಕಾಯಿತು. ಇಷ್ಟು ಜೀವ ಉಳಿಸಿದವರ ಕೈಯಲ್ಲಿ ಅನುಭವ ಇತ್ತು, ಅದಕ್ಕೆ ಭದ್ರತೆ ಇರಲಿಲ್ಲ.

ಇದರಿಂದ ನಾವು ಎರಡು ಮಾತು ಕಲಿಯಬೇಕು. ಒಂದು, ಸರಿಯಾಗಿ ಕಲಿಸಿದರೆ ಸಾಮಾನ್ಯ ಮನೆಯ ಮಕ್ಕಳೂ ಈ ಕೆಲಸವನ್ನು ಅತ್ಯುತ್ತಮವಾಗಿ ಮಾಡುತ್ತಾರೆ. ಎರಡು, ಕಲಿತದ್ದಕ್ಕೆ ಮಾನ್ಯತೆ ಇಲ್ಲದಿದ್ದರೆ ಕಲಿತವರು ಬೀದಿಗೆ ಬೀಳುತ್ತಾರೆ.

ಆದರ್ಶ ತರಬೇತಿಯ ಆರು ಕಂಬಗಳು

1. ಸರಿಯಾದ ಆಯ್ಕೆ. ಅಂಕ ಒಂದೇ ಸಾಲದು. ಗಾಬರಿಯಲ್ಲೂ ತಲೆ ಕೆಡಿಸಿಕೊಳ್ಳದವರು, ರಕ್ತ ನೋಡಿ ಹಿಂಜರಿಯದವರು, ಯಾವ ಜಾತಿಯ ಮನೆ ಬಾಗಿಲಿಗೂ ಒಂದೇ ಮನಸ್ಸಿನಿಂದ ಹೋಗುವವರು ಬೇಕು. ಕಲಿಯಲು ಬಂದವರ ಓದು ಕಡಿಮೆ ಇದ್ದರೆ ಅವರನ್ನು ಹೊರಗಿಡುವ ಬದಲು ಪಿಟ್ಸ್‌ಬರ್ಗ್‌ನಲ್ಲಿ ಮಾಡಿದ ಹಾಗೆ ಮೊದಲು ಓದಿಗೆ ನೆರವಾಗಬೇಕು.

2. ನಮ್ಮ ಊರಿನ ಕಷ್ಟಕ್ಕೆ ತಕ್ಕ ಪಾಠ. ಉಸಿರಿನ ದಾರಿ ತೆರೆದಿದೆಯಾ, ಉಸಿರಾಟ ನಡೆದಿದೆಯಾ, ರಕ್ತ ಓಡುತ್ತಿದೆಯಾ, ಇದು ಯಾವ ದೇಶದಲ್ಲೂ ಮೊದಲ ಪಾಠ. ಅದರ ಮೇಲೆ ನಮ್ಮದೇ ಪಾಠಗಳು ಬೇಕು: ಗಾಡಿಯಲ್ಲೇ ಹೆರಿಗೆಯಾದರೆ ಮಗುವನ್ನು ಒರೆಸಿ ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡುವುದು, ಹೆರಿಗೆಯ ನಂತರದ ರಕ್ತಸ್ರಾವ ಗುರುತಿಸುವುದು, ಹಾವಿನ ಕಡಿತ, ಬೆಳೆಗೆ ಹೊಡೆಯುವ ಔಷಧಿ ಕುಡಿದವರು, ಬೈಕಿನ ಅಪಘಾತ, ಎದೆನೋವು, ಲಕ್ವ, ಸುಟ್ಟ ಗಾಯ. ಪರದೇಶದ ಪುಸ್ತಕವನ್ನು ಹಾಗೇ ಕಂಠಪಾಠ ಮಾಡಿಸಿದರೆ ಹಾವಿನ ಕಡಿತದ ಪುಟ ಬರುವಷ್ಟರಲ್ಲಿ ಕೋರ್ಸ್ ಮುಗಿದಿರುತ್ತದೆ.

3. ಕೈಗೆ ಅಭ್ಯಾಸ. ಈಜು ಪುಸ್ತಕ ಓದಿ ಬರುವುದಿಲ್ಲ. ಎದೆ ಒತ್ತುವುದನ್ನು ಗೊಂಬೆಯ ಮೇಲೆ ನೂರಾರು ಸಲ ಮಾಡಬೇಕು. ಈ ಗೊಂಬೆಗೂ ಒಂದು ಕಥೆ ಇದೆ. ನಾರ್ವೆ ದೇಶದಲ್ಲಿ ಮಕ್ಕಳ ಆಟಿಕೆ ಮಾಡುತ್ತಿದ್ದ ಲೇರ್ಡಾಲ್ ಎಂಬವರು, ಸಾಫರ್ ಮುಂತಾದ ವೈದ್ಯರ ಪ್ರೋತ್ಸಾಹದಿಂದ 1960ರಲ್ಲಿ ಇದನ್ನು ತಯಾರಿಸಿದರು. ದೊಡ್ಡವರಿಗಾದರೆ ನಿಮಿಷಕ್ಕೆ 100ರಿಂದ 120 ಸಲ, ಎದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗುವಂತೆ ಒತ್ತಬೇಕು. ಇದು ಬಾಯಲ್ಲಿ ಹೇಳಲು ಸುಲಭ, ಎರಡು ನಿಮಿಷ ಮಾಡಿದರೆ ತೋಳು ಸೋಲುತ್ತದೆ. ಗೊಂಬೆ ಇಲ್ಲದ ತರಬೇತಿ ಕೇಂದ್ರ, ಒಲೆ ಇಲ್ಲದ ಅಡುಗೆಮನೆ.

4. ಆಸ್ಪತ್ರೆ ಮತ್ತು ಗಾಡಿ ಎರಡರಲ್ಲೂ ಕಲಿಕೆ. ತರಗತಿ ಮುಗಿದ ಮೇಲೆ ತುರ್ತು ಚಿಕಿತ್ಸಾ ವಿಭಾಗ, ಹೆರಿಗೆ ವಾರ್ಡು, ಆಪರೇಷನ್ ಥಿಯೇಟರ್ ಇಲ್ಲೆಲ್ಲ ಹಿರಿಯರ ಕಣ್ಣಳತೆಯಲ್ಲಿ ಕೆಲಸ ಮಾಡಬೇಕು. ಆಮೇಲೆ ಆಂಬುಲೆನ್ಸ್‌ನಲ್ಲಿ ಮೂರನೆಯವರಾಗಿ ಹೋಗಿ ಕಲಿಯಬೇಕು. ರೋಗಿಯನ್ನು ಒಪ್ಪಿಸುವಾಗ ವೈದ್ಯರಿಗೆ ನಾಲ್ಕೇ ಮಾತಿನಲ್ಲಿ ಹೇಳಲು ಬರಬೇಕು: ಏನಾಯಿತು, ಯಾವಾಗ ಆಯಿತು, ನಾವು ನೋಡಿದಾಗ ಹೇಗಿದ್ದರು, ನಾವು ಏನು ಕೊಟ್ಟೆವು.

5. ಮಾತು ಮತ್ತು ಮನಸ್ಸು. ಹೆದರಿದ ಅಜ್ಜಿಯ ಜೊತೆ ಅವರದೇ ಮಾತಿನಲ್ಲಿ ಮಾತಾಡಲು ಬರಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ ಇದ್ದರೂ ಪಾಠವನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಇರಬೇಕು. ಇನ್ನೊಂದು ವಿಷಯವನ್ನು ಬಹಳ ಕೋರ್ಸ್‌ಗಳು ಮರೆಯುತ್ತವೆ. ಕೈಯಲ್ಲೇ ಮಗು ಹೋದ ದಿನ ಆ ಹುಡುಗಿಯ ಮನಸ್ಸನ್ನು ಯಾರು ನೋಡಿಕೊಳ್ಳುತ್ತಾರೆ? ಮನಸ್ಸಿನ ಭಾರ ಇಳಿಸಿಕೊಳ್ಳುವುದೂ ಪಾಠದ ಭಾಗವಾಗಬೇಕು. ಹುಡುಗಿಯರಿಗೆ ರಾತ್ರಿ ಪಾಳಿಯಲ್ಲಿ ಸುರಕ್ಷತೆ, ಶೌಚಾಲಯ, ದೂರು ಹೇಳುವ ಜಾಗ, ಇವೂ ಆದರ್ಶ ತರಬೇತಿಯ ಲೆಕ್ಕಕ್ಕೇ ಸೇರುತ್ತವೆ.

6. ಮಾನ್ಯತೆ ಮತ್ತು ಮರುಕಲಿಕೆ. ಕೊನೆಯ ಪರೀಕ್ಷೆ ಬರೀ ಬರೆಯುವುದಾಗಬಾರದು, ಮಾಡಿ ತೋರಿಸುವುದಾಗಬೇಕು. ಅಭ್ಯಾಸ ಬಿಟ್ಟರೆ ಕೈ ಮರೆಯುತ್ತದೆ, ಆದ್ದರಿಂದ ಕೆಲಸಕ್ಕೆ ಸೇರಿದ ಮೇಲೂ ಆಗಾಗ ಮತ್ತೆ ಕಲಿಸಬೇಕು. ಸರ್ಟಿಫಿಕೇಟಿಗೆ ಸರ್ಕಾರದ ಮಾನ್ಯತೆ ಇರಬೇಕು. ಇಲ್ಲವಾದರೆ ಫ್ರೀಡಂ ಹೌಸಿನವರ ಗತಿ ನಮ್ಮ ಮಕ್ಕಳಿಗೂ ಬರುತ್ತದೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ?

2021ರಲ್ಲಿ ಪಾರ್ಲಿಮೆಂಟು ಈ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾನೂನು ಮಾಡಿತು. ತುರ್ತು ಚಿಕಿತ್ಸೆಯ ಪ್ಯಾರಾಮೆಡಿಕ್ ಕೂಡ ಅದರ ಪಟ್ಟಿಯಲ್ಲಿದ್ದಾರೆ. ಆ ಕಾನೂನಿನ ಪ್ರಕಾರ ಡಿಪ್ಲೊಮಾ ಮಟ್ಟದ ಓದು ಕನಿಷ್ಠ 2,000 ಗಂಟೆ ಇರಬೇಕು, ಎರಡರಿಂದ ನಾಲ್ಕು ವರ್ಷದಲ್ಲಿ ಹರಡಿರಬೇಕು. ಮೇಲಿನ ಮಟ್ಟದ ವೃತ್ತಿಪರರಿಗೆ ಪದವಿ ಬೇಕು, ಅದು ಕನಿಷ್ಠ 3,600 ಗಂಟೆ.

ಈಗ ಲೆಕ್ಕ ಹಾಕಿ ನೋಡಿ. ದಿನಕ್ಕೆ ಎರಡು ಗಂಟೆ, ವಾರಕ್ಕೆ ಐದು ದಿನ, ಆರು ತಿಂಗಳು ಅಂದರೆ ಸುಮಾರು 260 ಗಂಟೆ. 2,000 ಎಲ್ಲಿ, 260 ಎಲ್ಲಿ? ಪಿಟ್ಸ್‌ಬರ್ಗ್‌ನಲ್ಲಿ 300 ಗಂಟೆ ಸಾಕಾಗಿತ್ತಲ್ಲ ಅಂತ ಯಾರಾದರೂ ಕೇಳಬಹುದು. ಅದು ಆರಂಭದ ಕಾಲ. ಅವರ ಹಿಂದೆ ದೊಡ್ಡ ಆಸ್ಪತ್ರೆಯ ವೈದ್ಯರು ನಿಂತಿದ್ದರು, ಕಲಿಕೆ ಅಲ್ಲಿಗೇ ಮುಗಿಯಲಿಲ್ಲ. ಚಿಕ್ಕ ಅವಧಿಯ ತರಬೇತಿಗಳೂ ತಪ್ಪಲ್ಲ. ಪ್ರಥಮ ಚಿಕಿತ್ಸೆ ಕಲಿಯಲು, ಸಹಾಯಕರ ಕೆಲಸಕ್ಕೆ ಅವು ಉಪಯೋಗವೇ. ಆದರೆ ಚಿಕ್ಕ ತರಬೇತಿಯನ್ನು ಡಿಪ್ಲೊಮಾ ಅಂತ ಹೇಳಿ ಮಾರುವುದು ಮೋಸ.

ಕರ್ನಾಟಕದಲ್ಲಿ ಡಿಪ್ಲೊಮಾ ಅಂದರೆ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಕೇಳಿ. ಪದವಿ ಅಂದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಅಥವಾ ಬೇರೆ ಮಾನ್ಯ ವಿಶ್ವವಿದ್ಯಾಲಯಕ್ಕೆ ಸೇರಿದೆಯಾ ಅಂತ ಕೇಳಿ.

ಹಣ ಕಟ್ಟುವ ಮೊದಲು ಕೇಳಬೇಕಾದ ಏಳು ಪ್ರಶ್ನೆ

ಈ ಪ್ರಶ್ನೆಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

– ಈ ಕೋರ್ಸಿಗೆ ಮಾನ್ಯತೆ ಕೊಟ್ಟವರು ಯಾರು? ಈ ವರ್ಷದ ಪತ್ರ ತೋರಿಸ್ತೀರಾ?
– ಒಟ್ಟು ಎಷ್ಟು ಗಂಟೆ? ಅದರಲ್ಲಿ ಆಸ್ಪತ್ರೆಯಲ್ಲಿ ಎಷ್ಟು?
– ಯಾವ ಆಸ್ಪತ್ರೆ? ಅವರ ಜೊತೆ ಒಪ್ಪಂದದ ಕಾಗದ ಇದೆಯಾ?
– ಅಭ್ಯಾಸದ ಗೊಂಬೆ, ಸ್ಟ್ರೆಚರ್, ಆಕ್ಸಿಜನ್ ಸಿಲಿಂಡರ್ ಇರುವ ಕೋಣೆ ನೋಡಬಹುದಾ?
– ಪಾಠ ಮಾಡುವವರು ಏನು ಓದಿದ್ದಾರೆ?
– ಹೋದ ವರ್ಷ ಕಲಿತವರಲ್ಲಿ ಇಬ್ಬರ ಜೊತೆ ಮಾತಾಡಿಸ್ತೀರಾ?
– ಮಧ್ಯದಲ್ಲಿ ಬಿಟ್ಟರೆ ಹಣ, ಮೂಲ ಅಂಕಪಟ್ಟಿ ವಾಪಸ್ ಕೊಡ್ತೀರಾ? ಬರೆದು ಕೊಡಿ.

ಯಾವ ಕಾರಣಕ್ಕೂ ಮೂಲ ಅಂಕಪಟ್ಟಿಯನ್ನು ಅಡವು ಇಟ್ಟ ಹಾಗೆ ಕೊಟ್ಟು ಬರಬೇಡಿ. ರಸೀದಿ ಇಲ್ಲದೆ ಒಂದು ರೂಪಾಯಿಯೂ ಕಟ್ಟಬೇಡಿ.

ಗಾಡಿ ಬರುವ ತನಕ ನಾವೇ

ಎಷ್ಟೇ ಒಳ್ಳೆ ತರಬೇತಿ ಪಡೆದವರಾದರೂ ನಮ್ಮ ಹಳ್ಳಿ ತಲುಪಲು ಸಮಯ ಬೇಕು. ಹಾಗಾಗಿ ಆದರ್ಶ ಕಾರ್ಯಕ್ರಮದಲ್ಲಿ ಊರಿನ ಹೆಂಗಸರಿಗೂ ಒಂದು ದಿನದ ಪಾಠ ಇರಲೇಬೇಕು. ಮುಖ್ಯವಾದ ಕೆಲವು ಮಾತು:

– 108ಕ್ಕೆ ಕರೆ ಮಾಡಿ ಊರು, ಹತ್ತಿರದ ಗುರುತು, ಏನಾಗಿದೆ ಎಂದು ನಿಧಾನವಾಗಿ ಹೇಳಿ. ಅವರು ಇಡಿ ಅನ್ನುವ ತನಕ ಫೋನ್ ಇಡಬೇಡಿ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಲಿ.
– ಹಾವು ಕಚ್ಚಿದರೆ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಆ ಕೈಕಾಲು ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ ಒಯ್ಯಿರಿ. ನಾಟಿ ಮದ್ದಿಗೆ ಕಾದು ಸಮಯ ಕಳೆಯಬೇಡಿ.
– ವಿಷ ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯನ್ನು ಜೊತೆಗೆ ಕಳಿಸಿ.
– ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣನೆ ಹರಿಯುವ ನೀರು. ಪೇಸ್ಟ್, ಶಾಯಿ, ಎಣ್ಣೆ ಹಚ್ಚಬೇಡಿ.
– ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

ಅಪಘಾತದವರಿಗೆ ಸಹಾಯ ಮಾಡಿದರೆ ಪೊಲೀಸ್ ಕೇಸು ಆಗುತ್ತೆ ಎಂಬ ಹೆದರಿಕೆ ಇನ್ನೂ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಎಂಬ ಬಲವಂತವೂ ಇಲ್ಲ.

ಆ ಸದಸ್ಯೆಯ ಮಗಳು ಏನಾದಳು?

ಆವತ್ತು ಸಂಘ ಸಾಲ ಇಲ್ಲ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಅಧ್ಯಕ್ಷೆ ಮತ್ತು ಆ ತಾಯಿ ಇಬ್ಬರೂ ಹೋಗಿ ಕೇಳಿಕೊಂಡು ಬನ್ನಿ ಅಂತ ಠರಾವು ಮಾಡಿದರು. ಹೋಗಿ ನೋಡಿದರೆ ಎರಡು ಕೋಣೆ, ಹತ್ತು ಕುರ್ಚಿ, ಒಂದು ಅಸ್ಥಿಪಂಜರದ ಚಿತ್ರ. ಆಸ್ಪತ್ರೆಯ ಒಪ್ಪಂದ ಕೇಳಿದಾಗ "ಅದೆಲ್ಲ ಆಮೇಲೆ" ಅಂದರಂತೆ. ಮೊದಲೇ ಕಟ್ಟಿದ್ದ 3,000 ರೂಪಾಯಿ ವಾಪಸ್ ಬರಲಿಲ್ಲ. ಗೆಳತಿಯರೆಲ್ಲ ಸೇರಿದರು, ನನಗೊಬ್ಬಳಿಗೆ ತಪ್ಪಿಸಿದಿರಿ ಅಂತ ಮಗಳು ತಾಯಿಯ ಜೊತೆ ಒಂದು ತಿಂಗಳು ಸರಿಯಾಗಿ ಮಾತಾಡಲಿಲ್ಲ. ನಮ್ಮ ಮೇಲೂ ಸಿಟ್ಟಿತ್ತು.

ಈ ವರ್ಷ ಅವಳು ಬೋರ್ಡಿನ ಮಾನ್ಯತೆ ಇರುವ ಡಿಪ್ಲೊಮಾಗೆ ಸೇರಿದ್ದಾಳೆ. ಸಂಘ ಕಂತಿನಲ್ಲಿ ಸಾಲ ಕೊಟ್ಟಿದೆ. ಓದು ಉದ್ದ, ಖರ್ಚೂ ಜಾಸ್ತಿ, ತಾಯಿ ಇನ್ನೊಂದು ಮನೆಯ ಕೆಲಸ ಹಿಡಿದಿದ್ದಾರೆ. ಮೊನ್ನೆ ರಜೆಗೆ ಬಂದಿದ್ದ ಹುಡುಗಿ ಸಭೆಗೆ ಬಂದು ದಿಂಬಿನ ಮೇಲೆ ಎದೆ ಒತ್ತುವುದನ್ನು ತೋರಿಸಿದಳು. "ಇನ್ನೂ ಜೋರಾಗಿ ಒತ್ಬೇಕು ದೊಡ್ಡಮ್ಮ, ಇದು ಹಿಟ್ಟು ನಾದೋದಲ್ಲ" ಅಂತ ಅಧ್ಯಕ್ಷೆಗೇ ತಿದ್ದಿದಳು. ಎಲ್ಲರೂ ನಕ್ಕರು. ಆದರೆ ಸರದಿ ಪ್ರಕಾರ ಎಲ್ಲರೂ ಒತ್ತಿ ಕಲಿತರು.

ಮುಂದಿನ ಸಭೆಯಲ್ಲಿ ಚರ್ಚೆಗೆ

1. ನಮ್ಮ ಸಂಘದಲ್ಲಿ ಓದಿಗಾಗಿ ಕೊಟ್ಟ ಸಾಲಗಳು ಎಷ್ಟು? ಆ ಕೋರ್ಸುಗಳಿಗೆ ಮಾನ್ಯತೆ ಇತ್ತೇ?
2. ನಮ್ಮ ಊರಿಗೆ ಆಂಬುಲೆನ್ಸ್ ಬರಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನಾವು ಏನು ಮಾಡಬಲ್ಲೆವು?
3. ಒಕ್ಕೂಟದ ವತಿಯಿಂದ ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಗೆ ತಾಲ್ಲೂಕು ಆಸ್ಪತ್ರೆಯವರನ್ನು ಯಾರು ಕೇಳುತ್ತೀರಿ? ಹೆಸರು, ದಿನಾಂಕ ಬರೆದುಕೊಳ್ಳಿ.